ಕೊಡುವುದಕ್ಕಿಂತ ಕಾಯುವುದು ಮೇಲು

ಸಂಜೆ ರೇಡಿಯೊ ಹಾಕಿದಾಗ ಅದರ ಪಕ್ಕದ ಕುರ್ಚಿಗೆ ಮೊದಲು ಬಂದು ಕೂರುವವರು ಯಾರು? ಬಹುಮಟ್ಟಿಗೆ ಮನೆಯ ಹಿರಿಯರು. ಆ ಕುರ್ಚಿಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವಿನ ಹೊಸ್ತಿಲು ಎಷ್ಟು ಎತ್ತರ, ಕತ್ತಲಲ್ಲಿ ಕೈಗೆ ಆಸರೆಯಾಗುವ ಗೋಡೆ ಯಾವುದು ಎಂಬುದೆಲ್ಲ ಅವರ ಕೈಕಾಲುಗಳಿಗೇ ತಿಳಿದಿರುತ್ತದೆ. ಮನೆಯೆಂದರೆ ಅರ್ಧ ಭಾಗ ಈ ತಿಳಿವಳಿಕೆಯೇ. ಆದರೆ ಎಲ್ಲರ ಮುಪ್ಪೂ ಸ್ವಂತ ಮನೆಯಲ್ಲಿಯೇ ಕಳೆಯುವುದಿಲ್ಲ. ಮಕ್ಕಳಿಲ್ಲದವರು, ಮಕ್ಕಳು ದೂರದೇಶದಲ್ಲಿರುವವರು, ನೋಡಿಕೊಳ್ಳುವವರೇ ಇಲ್ಲದವರು ವೃದ್ಧಾಶ್ರಮವನ್ನು ಸೇರಬೇಕಾಗುತ್ತದೆ. ಇದು ಹೊಸ ಕಾಲದ ಸಮಸ್ಯೆ, ನಮ್ಮ ಪೂರ್ವಿಕರು ಇದನ್ನು ಅರಿಯರು ಎಂದು ಹೇಳುವವರುಂಟು. ಆ ಮಾತು ಪೂರ್ತಿ ನಿಜವಲ್ಲ. ಆಸರೆಯಿಲ್ಲದವರಿಗೆ ಮನೆ ಕಟ್ಟಿಸಿಕೊಡುವುದನ್ನು ಅವರು ಬಲ್ಲವರಾಗಿದ್ದರು. ಅಷ್ಟೇ ಅಲ್ಲ, ಕಟ್ಟಿದ ಮನೆ ಹಾಳಾಗದಂತೆ ನೋಡಿಕೊಳ್ಳುವುದು ಬೇರೆಯೇ ಒಂದು ಧರ್ಮವೆಂದು ತಿಳಿದು, ಅದಕ್ಕೆ ಬೇರೆಯಾಗಿಯೇ ಏರ್ಪಾಡು ಮಾಡುತ್ತಿದ್ದರು.

ಇದರ ಸಾಕ್ಷಿಯನ್ನು ನೋಡಲು ನೀವು ಒಮ್ಮೆ ಬೀದರ ಜಿಲ್ಲೆಯ ಕಡೆಗೆ ಬರಬೇಕು. ಹುಮನಾಬಾದಿನ ಸಮೀಪದಲ್ಲಿ ಜಲಸಂಗಿ ಎಂಬ ಊರಿದೆ. ಅಲ್ಲಿಯ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಒಬ್ಬ ಸುಂದರಿಯ ಶಿಲ್ಪವುಂಟು. ಅವಳು ಬರೆಯುತ್ತಿರುವುದು ಕ್ರಿ. ಶ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿ. ಆ ದೊರೆಯ ರಾಜಧಾನಿ ಅಲ್ಲಿಂದ ದೂರವಿಲ್ಲ. ಅಂದಿನ ಕಲ್ಯಾಣವೇ ಇಂದಿನ ಬಸವಕಲ್ಯಾಣ. ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ನಾಡಿನ ಬಹುಭಾಗಕ್ಕೆ ಆಜ್ಞೆ ಹೊರಡುತ್ತಿದ್ದುದು ಈ ಊರಿನಿಂದಲೇ.

ಆ ಕಾಲದ ದಾನಶಾಸನಗಳನ್ನು ಓದುತ್ತ ಹೋದರೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದೇವರ ಪೂಜೆಗೆ ಇಷ್ಟು, ತಪಸ್ವಿಗಳ ಊಟಕ್ಕೆ ಇಷ್ಟು, ಓದುವ ಮಕ್ಕಳಿಗೆ ಇಷ್ಟು ಎಂದು ಭೂಮಿಯನ್ನು ಬಿಡುವಾಗ ಅದರ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಬರೆಯುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಮುರಿದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವ ಖರ್ಚು ಎಂದು ಇದರ ಅರ್ಥ. ಇಲ್ಲಿಯ ವಿವೇಕವನ್ನು ಗಮನಿಸಿರಿ. ಕಟ್ಟಡ ಹೊಚ್ಚ ಹೊಸದಾಗಿ ಹೊಳೆಯುತ್ತಿರುವ ದಿನವೇ, ಇದು ಒಂದು ದಿನ ಬಿರಿಯುತ್ತದೆ ಎಂದು ದಾನಿಗೆ ತಿಳಿದಿತ್ತು. ಶಾಸನಗಳ ಕೊನೆಯಲ್ಲಿ ಬರುವ ಸಂಪ್ರದಾಯದ ಶ್ಲೋಕವೊಂದರ ತಾತ್ಪರ್ಯವೂ ಇದಕ್ಕೆ ಹೊಂದುವಂಥದು: ದಾನ ಕೊಡುವುದು, ಕೊಟ್ಟುದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಶ್ರೇಷ್ಠ.

ಇದು ಗುಡಿಗೋಪುರಗಳ ಮಾತಾಯಿತು, ರೋಗಿಗಳಿಗೂ ಮುದುಕರಿಗೂ ಇದರಿಂದೇನು ಎಂದು ನೀವು ಕೇಳಬಹುದು. ಅದಕ್ಕೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆ ಉತ್ತರ ಕೊಡುತ್ತದೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿ ಕಾಳಾಮುಖ ಮುನಿಗಳ ಕೋಡಿಯಮಠವಿದ್ದಿತು. ಕ್ರಿ. ಶ. 1162ರ ಶಾಸನ ಆ ಮಠವನ್ನು ವರ್ಣಿಸುತ್ತದೆ. ಆಗ ಕಲ್ಯಾಣದ ಅಧಿಕಾರ ಚಾಲುಕ್ಯರ ಕೈಯಿಂದ ಕಳಚುರಿ ಬಿಜ್ಜಳನ ಕೈಗೆ ಬಂದಿದ್ದಿತು. ವೇದ, ವ್ಯಾಕರಣ, ತರ್ಕಗಳನ್ನು ಕಲಿಸುವ ಸ್ಥಾನ ಅದು ಎಂದು ಹೇಳಿದ ಶಾಸನಕಾರನು ಅಲ್ಲಿಗೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವಿಡುವ ಸ್ಥಾನ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಾನ, ಸಕಲ ಜೀವಿಗಳಿಗೆ ಅಭಯ ನೀಡುವ ಸ್ಥಾನ ಎಂದು ಮುಂದುವರಿಯುತ್ತಾನೆ. ಅನ್ನ, ಔಷಧ, ಅಭಯ: ಈ ಮೂರರಲ್ಲಿ ಮೂರನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಮುಪ್ಪಿನವರ ಮಟ್ಟಿಗೆ ಅಭಯವೆಂದರೆ ದೊಡ್ಡ ಮಾತೇನಲ್ಲ. ರಾತ್ರಿ ಎದ್ದರೆ ಬೀಳುವುದಿಲ್ಲ ಎಂಬ ಧೈರ್ಯ.

ಕಲ್ಯಾಣದ ಅರಸರಿಗೂ ಈ ವಿಚಾರ ಹೊಸತಲ್ಲ. ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ದೀನರನ್ನೂ ಅನಾಥರನ್ನೂ ನೊಂದವರನ್ನೂ ಪೋಷಿಸುವುದು ದೊರೆಯ ಕರ್ತವ್ಯಗಳಲ್ಲಿ ಒಂದು. ಅದೇ ಗ್ರಂಥದಲ್ಲಿ ಮನೆ, ಆಸನ, ಹಾಸಿಗೆ, ಪಾದರಕ್ಷೆ ಇವುಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಅವು ಅರಸನ ಸುಖಕ್ಕಾಗಿ ಹೇಳಿದವು, ನಿಜ. ಆದರೂ ಹಾಸಿಗೆಯೂ ಆಸನವೂ ಶಾಸ್ತ್ರದಲ್ಲಿ ವಿಚಾರ ಮಾಡಬೇಕಾದ ವಸ್ತುಗಳೆಂಬ ಎಣಿಕೆ ಅಂದಿಗೇ ಇದ್ದಿತು.

ನಮ್ಮ ನೆರೆಯ ತಮಿಳು ನಾಡಿನಲ್ಲಿ ಇನ್ನೂ ಸ್ಪಷ್ಟವಾದ ಲೆಕ್ಕ ಸಿಗುತ್ತದೆ. ಪಾಲಾರ್ ನದಿಯ ದಡದ ತಿರುಮುಕ್ಕೂಡಲಿನ ದೇವಾಲಯದಲ್ಲಿ ಚೋಳ ವೀರರಾಜೇಂದ್ರನ ಕಾಲದ, ಕ್ರಿ. ಶ. 1069ರ ಸುಮಾರಿನ ಶಾಸನವಿದೆ. ಅಲ್ಲಿ 15 ಹಾಸಿಗೆಗಳ ಆಸ್ಪತ್ರೆಯೊಂದಿತ್ತು. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರುವ ಇಬ್ಬರು, ಶುಶ್ರೂಷೆಗೆ ಇಬ್ಬರು ಹೆಂಗಸರು, ಇವರಿಗೆಲ್ಲ ಸಂಬಳ ಗೊತ್ತುಮಾಡಿತ್ತು. ಇದರ ಜೊತೆಗೆ ಆಸ್ಪತ್ರೆಯಲ್ಲಿ ರಾತ್ರಿ ಉರಿಯುವ ದೀಪಕ್ಕೂ ಖರ್ಚು ಬರೆದಿಟ್ಟಿದ್ದರು. ಒಂದು ದೀಪದ ಎಣ್ಣೆಯನ್ನು ಕಲ್ಲಿನ ಮೇಲೆ ಕೊರೆಸಬೇಕಾದಷ್ಟು ಮುಖ್ಯವೆಂದು ಎಣಿಸಿದವರ ಮನಸ್ಸು ಎಂಥದಿರಬೇಕು!

ಮತ್ತೆ ಕಲ್ಯಾಣಕ್ಕೆ ಬರೋಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದ ಶರಣರು ಯಾರು ಯಾರೆಂಬುದನ್ನು ನೀವು ಬಲ್ಲಿರಿ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರು, ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆಯುವವರು, ಬಾಚಿ ಕಾಯಕದ ಬಸವಯ್ಯನವರು ಮರಗೆಲಸದವರು. ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಹಿಡಿದ ಸತ್ಯಕ್ಕನೂ ಆ ಬಳಗದ ಶರಣೆಯೇ. ಈ ಕಾಯಕಗಳನ್ನು ಒಟ್ಟಿಗೆ ಇಟ್ಟು ನೋಡಿರಿ. ತೊಳೆದ ಹೊದಿಕೆ, ಬಿಗಿದ ಮಂಚದ ಹಗ್ಗ, ಅಲುಗಾಡದ ಬಾಗಿಲು, ಗುಡಿಸಿದ ನೆಲ! ಒಂದು ಮನೆಯನ್ನು ದಿನದಿನವೂ ಮನೆಯಾಗಿ ಉಳಿಸುವ ಕೆಲಸಗಳೇ ಇವು. ಇಂಥ ಕೆಲಸಕ್ಕೆ ಪೂಜೆಯಷ್ಟೇ ಗೌರವ ಕೊಟ್ಟುದು ಕಲ್ಯಾಣದ ದೊಡ್ಡ ಪಾಠ.

ಆದರೆ ಚರಿತ್ರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯ ಇಂದಿಗೂ ನಿಂತಿದೆ, ಶಾಸನವೂ ಉಳಿದಿದೆ. ಅನ್ನ, ಔಷಧ, ಅಭಯಗಳನ್ನು ಕೊಡುತ್ತಿದ್ದ ಕೋಡಿಯಮಠ ಮಾತ್ರ ಉಳಿಯಲಿಲ್ಲ. ಬರೆದುದು ಉಳಿಯಿತು, ನಡೆಸುವವರು ಉಳಿಯಲಿಲ್ಲ. ಕಲ್ಲಿನ ಬಲ ಅಷ್ಟೇ.

ಇದನ್ನು ಬರೆಯಲು ನನಗೊಂದು ಕಾರಣವುಂಟು. ‘ಖಂಡಸ್ಫುಟಿತ’ ಎಂಬ ಮಾತಿನ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ನನ್ನ ವಿದ್ಯಾಗುರುಗಳಾದ ಪಂಡಿತರು. ಅವರ ಕೊನೆಯ ದಿನಗಳು ಒಂದು ವೃದ್ಧಾಶ್ರಮದಲ್ಲಿ ಕಳೆದವು. ಕಟ್ಟಡ ಚೆನ್ನಾಗಿಯೇ ಇತ್ತು. ಬಾಗಿಲಲ್ಲಿ ದಾನಿಗಳ ಹೆಸರಿನ ಅಮೃತಶಿಲೆ, ಒಳಗೆ ಹೊಳೆಯುವ ನುಣುಪಾದ ನೆಲ. ಬಚ್ಚಲ ಕಡೆಯ ಓಣಿಯ ದೀಪ ಕೆಟ್ಟು ವಾರವಾಗಿತ್ತು. ಗೋಡೆಯ ಹಿಡಿಕೆಯ ಒಂದು ತಿರುಪು ಸಡಿಲವಾಗಿತ್ತು. ಎರಡೂ ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ. ಒಂದು ರಾತ್ರಿ ಗುರುಗಳು ಆ ಹಿಡಿಕೆಯನ್ನು ನಂಬಿ ಹಿಡಿದರು. ಸೊಂಟದ ಮೂಳೆ ಮುರಿಯಿತು, ಅವರು ಮತ್ತೆ ಏಳಲಿಲ್ಲ. ನೋಡಲು ಹೋದಾಗ ಅವರು ಯಾರನ್ನೂ ಬೈಯಲಿಲ್ಲ. “ತಮ್ಮಾ, ಇದಕ್ಕೆ ಭೂಮಿ ಬಿಟ್ಟಿರಲಿಲ್ಲ” ಎಂದಷ್ಟೇ ನಕ್ಕರು. ಅವರ ಮಾತಿನ ಅರ್ಥ ಮಂಚದ ಸುತ್ತ ನಿಂತವರಲ್ಲಿ ನನಗೊಬ್ಬನಿಗೇ ತಿಳಿಯಿತು.

ಈಗ ನಮಗೆ ಕಾನೂನಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕೆ ಸಂಬಂಧಿಸಿದ 2007ರ ಕಾಯಿದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಮೊದಲಿಗೆ 150 ಮಂದಿ ಬಡ ಹಿರಿಯರಿಗೆ ಅಲ್ಲಿ ಸ್ಥಳವಿರಬೇಕು ಎಂಬ ಗುರಿಯನ್ನಿಟ್ಟಿದೆ. ಕೇಂದ್ರ ಸರ್ಕಾರದ 2009ರ ಮಾದರಿ ನಿಯಮಗಳು ಮಲಗುವ ಕೋಣೆಯಲ್ಲಿ ಒಬ್ಬೊಬ್ಬರಿಗೆ 7.5 ಚದರ ಮೀಟರ್ ಜಾಗವಿರಲಿ, ಇಳಿಜಾರು ದಾರಿಯೂ ಹಿಡಿಕೆಗಳೂ ಇರಲಿ ಎನ್ನುತ್ತವೆ. ಒಳ್ಳೆಯ ಮಾತು. ಆದರೆ ಹಿಡಿಕೆ ಇರುವುದು ಬೇರೆ, ಹಿಡಿಕೆ ಗಟ್ಟಿಯಾಗಿರುವುದು ಬೇರೆ. ಮೊದಲನೆಯದಕ್ಕೆ ಒಂದು ದಿನದ ಹಣ ಸಾಕು. ಎರಡನೆಯದಕ್ಕೆ ವಾರವಾರವೂ ಅಲ್ಲಾಡಿಸಿ ನೋಡುವ ಕೈ ಬೇಕು.

ಆ ಕೈ ಏನೇನು ನೋಡಬೇಕು? ರಾತ್ರಿಯ ದೀಪ, ಒದ್ದೆಯಾದ ನೆಲ, ಕಿತ್ತ ಚಾಪೆಯ ಅಂಚು, ಗಾಲಿ ಕುರ್ಚಿಯ ತಡೆ, ಊರುಗೋಲಿನ ತುದಿಯ ಸವೆದ ರಬ್ಬರು, ಕುಸಿದ ಹಾಸಿಗೆ, ಬಿಸಿನೀರಿನ ಕಾವು, ಹಾಸಿಗೆಯಿಂದ ಕೈಗೆಟುಕುವ ಕರೆಗಂಟೆ. ಹಿತ್ತಾಳೆಯ ಅಡಿಗೆ ಪಾತ್ರೆಗಳಿದ್ದರೆ ಅವುಗಳ ಕಲಾಯಿ. ಇನ್ನೂ ಒಂದುಂಟು: ಹಿರಿಯರು ಮನೆಯಿಂದ ತಂದ ಕೌದಿ, ಪೆಟ್ಟಿಗೆ, ದೇವರ ಪಟ ಇವನ್ನು ಕಿತ್ತು ಬೇರೆಡೆ ಇಡಬಾರದು. ಮಂಚದ ದಿಕ್ಕನ್ನು ಅವರನ್ನು ಕೇಳದೆ ಬದಲಿಸಬಾರದು. ಕತ್ತಲಲ್ಲಿ ಅವರ ಕೈಕಾಲುಗಳಿಗೆ ದಾರಿ ತೋರುವುದು ಆ ಹಳೆಯ ಪರಿಚಯವೇ. ಹೊರಗೆ ಒಂದು ಕಟ್ಟೆಯಿರಲಿ. ನಮ್ಮ ಕಡೆಯ ಮುದುಕರಿಗೆ ಕಟ್ಟೆಯಿಲ್ಲದ ಮನೆ ಮನೆಯಾಗಿ ತೋರುವುದಿಲ್ಲ.

ಓದುಗರೆ, ಹಿರಿಯರ ಪುಣ್ಯತಿಥಿಯಂದು, ಮಕ್ಕಳ ಹುಟ್ಟುಹಬ್ಬದಂದು ವೃದ್ಧಾಶ್ರಮಕ್ಕೆ ಹೋಗಿ ಸಿಹಿಯೂಟ ಹಾಕಿಸುವ ರೂಢಿ ನಮ್ಮ ಊರುಗಳಲ್ಲಿ ಬೆಳೆದಿದೆ. ಅದನ್ನು ಬಿಡಿರೆಂದು ನಾನು ಹೇಳಲಾರೆ. ಹೋದಾಗ ಅಲ್ಲಿಯ ಮೇಲ್ವಿಚಾರಕರನ್ನು ಒಂದು ಮಾತು ಕೇಳಿರಿ: “ಇಲ್ಲಿ ಮುರಿದಿರುವುದೇನು, ಬಿರಿದಿರುವುದೇನು?” ಊಟದ ಖರ್ಚಿನ ಒಂದು ಪಾಲನ್ನು ಅದಕ್ಕೆ ಕೊಡಿರಿ. ಮುಂದಿನ ತಿಂಗಳು ಮತ್ತೆ ಹೋಗಿ, ಅದು ಸರಿಯಾಯಿತೆ ಎಂದು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿರಿ. ಅದರ ಮೇಲೆ ನಿಮ್ಮ ಹೆಸರು ಕೊರೆಯುವವರು ಯಾರೂ ಇರುವುದಿಲ್ಲ. ಆದರೆ ಆ ರಾತ್ರಿ ಯಾರೋ ಒಬ್ಬರು ದೀಪದ ಬೆಳಕಿನಲ್ಲಿ ಗೋಡೆಯ ಹಿಡಿಕೆ ಹಿಡಿದು ಬಚ್ಚಲಿಗೆ ಹೋಗಿ, ತಿರುಗಿ ಬಂದು, ತಮ್ಮ ಕೌದಿ ಹೊದ್ದು ಮಲಗುತ್ತಾರೆ.