ಎರಡೂ ಎಲೆಕ್ಟ್ರಾನು ಒಬ್ಬರದೇ

ನಮ್ಮ ಕಾಲದಲ್ಲಿ ಶಾಲೆಯ ಪ್ರಯೋಗಾಲಯವೆಂದರೆ ಒಂದು ಬೀರು, ಒಂದು ಮೇಜು. ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಗಳ ಮುಚ್ಚಳ ತೆಗೆದು ಹತ್ತಿರ ಹಿಡಿದರು. ನಡುವೆ ದಟ್ಟವಾದ ಬಿಳಿ ಹೊಗೆ ಎದ್ದಿತು. “ಸಹವೇಲೆನ್ಸಿ ಬಂಧದಲ್ಲಿ ಸಾಮಾನ್ಯವಾಗಿ ಇಬ್ಬರೂ ಒಂದೊಂದು ಎಲೆಕ್ಟ್ರಾನ್ ಹಾಕುತ್ತಾರೆ. ಇಲ್ಲಿ ಎರಡನ್ನೂ ನೈಟ್ರೋಜನ್ನೇ ಕೊಟ್ಟಿದೆ. ಹೈಡ್ರೋಜನ್ ಅಯಾನು ಬರಿಗೈಯಲ್ಲಿ ಬಂದಿದೆ” ಎಂದು ಹೇಳಿ, ಬೋರ್ಡಿನ ಮೇಲೆ ಕೋ-ಆರ್ಡಿನೇಟ್ ಬಂಧ ಎಂದು ಬರೆದರು.

ಈ ಬಂಧಕ್ಕೆ ದೊಡ್ಡ ಇತಿಹಾಸವಿದೆ. 1809ರಲ್ಲೇ ಫ್ರಾನ್ಸಿನ ಗೇ-ಲುಸಾಕ್ ಅಮೋನಿಯಾ ಮತ್ತು ಬೋರಾನ್ ಟ್ರೈಫ್ಲೋರೈಡ್ ಅನಿಲಗಳನ್ನು ಸೇರಿಸಿ ಬಿಳಿ ಪುಡಿ ಪಡೆದಿದ್ದರು. ಏಕೆ ಸೇರಿದವೆಂದು ಹೇಳಲು ಆಗ ಎಲೆಕ್ಟ್ರಾನಿನ ವಿಚಾರವೇ ಗೊತ್ತಿರಲಿಲ್ಲ. ಅಮೋನಿಯಾ ಅಣುಗಳು ಲೋಹವನ್ನು ನೇರವಾಗಿ ಸುತ್ತುವರಿಯುತ್ತವೆ ಎಂದು 1893ರಲ್ಲಿ ಆಲ್‌ಫ್ರೆಡ್ ವರ್ನರ್ ವಾದಿಸಿದರು. 1913ರಲ್ಲಿ ಅವರಿಗೆ ನೊಬೆಲ್ ಬಂತು. ಬಂಧವೆಂದರೆ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು 1916ರಲ್ಲಿ ಲೂಯಿಸ್ ಹೇಳಿದರು. ಆ ಜೋಡಿ ಒಂದೇ ಕಡೆಯಿಂದ ಬರಬಹುದೆಂಬ ವಿಚಾರವನ್ನು 1920ರ ದಶಕದಲ್ಲಿ ಸಿಜ್‌ವಿಕ್ ವರ್ನರ್ ಸಂಯುಕ್ತಗಳಿಗೆ ಅನ್ವಯಿಸಿದರು. ಗೇ-ಲುಸಾಕ್‌ರ ಪುಡಿಯ ಗುಟ್ಟೂ ಇದೇ: ಬೋರಾನಿಗೆ ಎರಡು ಎಲೆಕ್ಟ್ರಾನ್ ಕೊರತೆ, ನೈಟ್ರೋಜನ್ ಬಳಿ ಒಂದು ಜೋಡಿ ಮಿಗುತಾಯ.

ಪರೀಕ್ಷೆ ಮುಗಿದ ಮೇಲೆ ಇದನ್ನು ಮರೆತೆ. ಮುಂದೆ ಪೀಣ್ಯದಲ್ಲೇ ಸರ್ಕ್ಯೂಟ್ ಬೋರ್ಡ್ ಮಾಡುವ ಒಂದು ಕಾರ್ಖಾನೆ ಸೇರಿದೆ. ಬೋರ್ಡಿನ ಹೆಚ್ಚುವರಿ ತಾಮ್ರವನ್ನು ಅಮೋನಿಯಾ ದ್ರಾವಣದಲ್ಲಿ ಕರಗಿಸುತ್ತಿದ್ದೆವು. ತೊಳೆದ ನೀರು ಕಡುನೀಲಿ. ಸುಣ್ಣ ಹಾಕಿದರೆ ತಾಮ್ರ ತಳಕ್ಕಿಳಿಯಬೇಕು, ಇಳಿಯಲಿಲ್ಲ. ಇನ್ನಷ್ಟು ಹಾಕಿದೆ, ನೀಲಿ ಹೋಗಲಿಲ್ಲ. “ನೀರು ಬೆರೆಸಿ ಬಿಟ್ಟುಬಿಡು” ಎಂದರು ಮೇಲಿನವರು. ಮೊದಲ ತೊಟ್ಟಿಯನ್ನು ನಾನೇ ಚರಂಡಿಗೆ ಬಿಟ್ಟೆ. ನಮ್ಮ ಕಡೆಯ ನೀರು ವೃಷಭಾವತಿಗೆ ಸೇರುತ್ತದೆಂದು ಗೊತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಷ್ಟ್ರ ಎರಡು ಬಾಟಲಿ ನೆನಪಾದವು. ನಾಲ್ಕು ಅಮೋನಿಯಾ ಅಣುಗಳು ತಲಾ ಒಂದು ಜೋಡಿ ಕೊಟ್ಟು ತಾಮ್ರವನ್ನು ಹಿಡಿದಿದ್ದವು. ಸುಣ್ಣಕ್ಕೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲ. ಮರುದಿನ ಅನುಭವಿಗಳನ್ನು ಕೇಳಿ ಎರಡನೇ ತೊಟ್ಟಿಯ ನೀರು ತಡೆದೆ. ನೀರು ಕ್ಷಾರವಾಗಿರುವಂತೆ ನೋಡಿಕೊಂಡು ಸೋಡಿಯಂ ಸಲ್ಫೈಡ್ ಹಾಕಿದೆವು. ತಾಮ್ರ ಕಪ್ಪಾಗಿ ತಳ ಸೇರಿತು, ಮೇಲಿನ ನೀಲಿ ಹೋಯಿತು. ಅಂದಿನಿಂದ ಅಮೋನಿಯಾ ನೀರಿಗೆ ಬೇರೆಯೇ ತೊಟ್ಟಿ.

ಬಿಟ್ಟ ಮೊದಲ ತೊಟ್ಟಿಯನ್ನು ವಾಪಸು ತರಲಾಗದು. ಈ ಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿ ನಾಳೆ ಇದೇ ಕಾರ್ಖಾನೆಗಳಿಗೆ ಬರುತ್ತಾರೆ. ಅಂಕಕ್ಕೆಂದು ಓದುವ ಆ ಒಂದು ಪುಟವನ್ನು ಅವರು ನನಗಿಂತ ಒಂದು ದಿನ ಮೊದಲೇ ನೆನೆಯಲಿ ಎಂದು ಇದನ್ನು ಬರೆದಿದ್ದೇನೆ.