ಹೊಲದಲ್ಲಿ ಸಿಕ್ಕ ಬೆಳ್ಳಿ, ಪುಸ್ತಕದಲ್ಲಿ ಕಾಣದ ರಾಜ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಮೊಬೈಲ್ ಮುಂದೆ ಹಿಡಿದು ಕೇಳಿದ: “ಅಕ್ಕಾ, ನೀ ಎಂ.ಟೆಕ್ ಮಾಡಿದಾಕಿ, ಖರೇ ಹೇಳು. ಈ ಮಷೀನ್ ನೆಲದಾಗ ಎಷ್ಟು ಅಡಿತನಕ ನೋಡ್ತದ?” ಪರದೆಯ ಮೇಲೆ ಆನ್‌ಲೈನ್ ಅಂಗಡಿಯ ಒಂದು ಮೆಟಲ್ ಡಿಟೆಕ್ಟರ್ ಇತ್ತು. ನಮ್ಮ ಹಳೆಯ ಹೊಲದ ಬದುವಿನ ಕೆಳಗೆ ಕೊಪ್ಪರಿಗೆ ಹೊನ್ನಿದೆ ಎಂಬ ಮಾತು ಮುತ್ತಜ್ಜನ ಕಾಲದಿಂದಲೂ ಮನೆಯಲ್ಲಿದೆ. ಇಂಥ ಮಾತಿಲ್ಲದ ಊರು ನಮ್ಮ ಕಡೆ ಇದ್ದೀತೇ ಎಂದು ನನಗೆ ಅನುಮಾನ.

ಪುಣೆಗೆ ಮರಳಿದ ಮೇಲೆ ಅವನಿಗೆ ಸರಿಯಾದ ಉತ್ತರ ಕೊಡೋಣವೆಂದು ಓದಲು ಕುಳಿತೆ. ಓದುತ್ತ ಓದುತ್ತ ಇಂಗ್ಲೆಂಡಿನ ಎರಡು ಹೊಲಗಳಿಗೆ ಹೋಗಿ ತಲುಪಿದೆ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ಕೋಲಿನ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದು, ನೆಲದೊಳಗೆ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಮೇಲೆ ಸಣ್ಣ ಸುಳಿ ವಿದ್ಯುತ್ ಹುಟ್ಟಿ ತನ್ನದೇ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ. ಅದನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಆ ಉತ್ತರ ಎಷ್ಟು ತಡವಾಗಿ ಬಂತು ಎಂಬುದರಿಂದ ಲೋಹ ಯಾವುದಿರಬಹುದೆಂದು ಅಂದಾಜು ಸಿಗುತ್ತದೆ. ಬೆಳ್ಳಿ ಅತ್ಯುತ್ತಮ ವಿದ್ಯುದ್ವಾಹಕವಾದ್ದರಿಂದ ಅದರ ದನಿ ಕಬ್ಬಿಣದ ಮೊಳೆಯ ದನಿಗಿಂತ ಬೇರೆಯಾಗಿ ಕೇಳುತ್ತದೆ. ಆದರೆ ಒಂದು ನಾಣ್ಯವನ್ನು ಸಾಮಾನ್ಯ ಯಂತ್ರ ಹಿಡಿಯುವುದು ಒಂದು ಗೇಣಿನ ಆಚೀಚೆ ಆಳದವರೆಗೆ ಮಾತ್ರ. ಹತ್ತು ಅಡಿ, ಇಪ್ಪತ್ತು ಅಡಿ ಎನ್ನುವ ಜಾಹೀರಾತುಗಳನ್ನು ನಂಬಿ ದುಡ್ಡು ಹಾಕಬಾರದು.

ಈ ಒಂದು ಗೇಣು ಎಂಬ ಮಾತಿಗೆ ಚರಿತ್ರೆಯಲ್ಲೂ ಅರ್ಥವಿದೆ. ಉತ್ತ ಹೊಲದಲ್ಲಿ ಮೇಲಿನ ಒಂದು ಗೇಣು ಮಣ್ಣನ್ನು ನೇಗಿಲು ಎಷ್ಟೋ ವರ್ಷಗಳಿಂದ ತಿರುವಿ ಹಾಕಿರುತ್ತದೆ. ಅಲ್ಲಿ ಬಿದ್ದ ನಾಣ್ಯ ಮೂಲ ಜಾಗದಿಂದ ಈಗಾಗಲೇ ಸರಿದಿರುತ್ತದೆ. ಅದರ ಕೆಳಗಿನ ಮಣ್ಣು ಹಾಗಲ್ಲ. ಯಾರೋ ಹೂತಿಟ್ಟದ್ದು ಇಟ್ಟ ಹಾಗೆಯೇ ಇರುತ್ತದೆ: ಯಾವುದರ ಪಕ್ಕ ಯಾವುದು, ಬಟ್ಟೆಯಲ್ಲಿ ಸುತ್ತಿದ್ದರೇ, ಮಡಕೆಯಲ್ಲಿ ಇಟ್ಟಿದ್ದರೇ, ಎಲ್ಲವೂ. ಅದಕ್ಕೇ ಇಂಗ್ಲೆಂಡಿನ ಡಿಟೆಕ್ಟರ್ ಹವ್ಯಾಸಿಗಳ ನಡವಳಿಕೆಯ ನಿಯಮದಲ್ಲಿ, ಉಳುಮೆಯ ಪದರದ ಕೆಳಗೆ ಏನಾದರೂ ಕಂಡರೆ ಅಗೆಯುವುದನ್ನು ನಿಲ್ಲಿಸಿ ತಿಳಿದವರನ್ನು ಕರೆಯಿರಿ ಎಂದಿದೆ.

ಅಲ್ಲಿ ಈ ಹವ್ಯಾಸಕ್ಕೆ ಸಾವಿರಾರು ಜನರಿದ್ದಾರೆ. ಬೇರೆಯವರ ಜಮೀನಿಗೆ ಕಾಲಿಡುವ ಮೊದಲು ಮಾಲೀಕರ ಒಪ್ಪಿಗೆ ಬೇಕು. ಸಿಕ್ಕದ್ದರಲ್ಲಿ ಯಾರ ಪಾಲು ಎಷ್ಟು ಎಂದು ಮೊದಲೇ ಬರೆದುಕೊಳ್ಳುವುದು ಜಾಣತನ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಯಂತ್ರ ಹಿಡಿದು ಓಡಾಡುವುದೇ ಅಪರಾಧ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಮುನ್ನೂರು ವರ್ಷಕ್ಕಿಂತ ಹಳೆಯ, ಕನಿಷ್ಠ ಶೇ. 10 ಚಿನ್ನ ಅಥವಾ ಬೆಳ್ಳಿಯಿರುವ ಎರಡು ಅಥವಾ ಹೆಚ್ಚು ನಾಣ್ಯಗಳು ಒಟ್ಟಿಗೆ ಸಿಕ್ಕರೆ ಅದು ‘ನಿಧಿ’. ಹದಿನಾಲ್ಕು ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಅದನ್ನು ಬಯಸಿದರೆ ಮಾರುಕಟ್ಟೆಯ ಬೆಲೆ ಕಟ್ಟಿ, ಆ ಹಣವನ್ನು ಸಾಮಾನ್ಯವಾಗಿ ಹುಡುಕಿದವನಿಗೂ ಜಮೀನಿನವನಿಗೂ ಹಂಚುತ್ತಾರೆ. ಒಂಟಿ ನಾಣ್ಯಕ್ಕೆ ಈ ಕಟ್ಟು ಇಲ್ಲ. ಆದರೂ ಅಂಥವನ್ನು ಸ್ವಇಚ್ಛೆಯಿಂದ ತೋರಿಸಿ ದಾಖಲಿಸಲು ಒಂದು ಯೋಜನೆಯಿದೆ. ಅದರ ದತ್ತಾಂಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ.

ಇನ್ನು 2015ಕ್ಕೆ ಬರೋಣ. ಆ ವರ್ಷದ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಎಂಬಲ್ಲಿ ಜೇಮ್ಸ್ ಮೇದರ್ ಎಂಬ ಹವ್ಯಾಸಿ ಒಂದು ಹೊಲದಲ್ಲಿ ಹುಡುಕುತ್ತಿದ್ದ. ದಿನದ ಕೊನೆಗೆ ಒಂದು ಬೆಳ್ಳಿ ಗಟ್ಟಿ ಸಿಕ್ಕಿತು. ಇನ್ನಷ್ಟು ಕೆದಕಿದಾಗ ನಾಣ್ಯಗಳ ಗುಂಪು ಕಂಡಿತು. ಆತ ಅಲ್ಲಿಗೆ ನಿಲ್ಲಿಸಿ, ಗುಂಡಿ ಮುಚ್ಚಿ, ಅಧಿಕಾರಿಗೆ ಫೋನ್ ಮಾಡಿದ. ನನ್ನ ಮಟ್ಟಿಗೆ ಈ ಕಥೆಯ ನಾಯಕತ್ವ ಇರುವುದು ಆ ಗುಂಡಿ ಮುಚ್ಚಿದ ಗಳಿಗೆಯಲ್ಲಿ. ಕಾಲ ಕೆಳಗೆ ಹೊಳೆಯುವ ಬೆಳ್ಳಿ ಇದ್ದಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ಎಷ್ಟು ಜನರಿಂದಾದೀತು?

ತಜ್ಞರು ಬಂದು ಅದನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಬ್ರಿಟಿಷ್ ಮ್ಯೂಸಿಯಂಗೆ ಒಯ್ದರು. ಎಕ್ಸ್‌ರೇ ತೆಗೆದು, ಪ್ರಯೋಗಾಲಯದಲ್ಲಿ ನಿಧಾನವಾಗಿ ಬಿಡಿಸಿದರು. 186 ನಾಣ್ಯಗಳು, ಏಳು ಆಭರಣಗಳು, ಹದಿನೈದು ಬೆಳ್ಳಿ ಗಟ್ಟಿಗಳು. ಹೂತಿಟ್ಟದ್ದು ಕ್ರಿ.ಶ. 870ರ ದಶಕದ ಕೊನೆಯಲ್ಲಿ, ವೈಕಿಂಗರ ಕಾಲದಲ್ಲಿ. ಆಷ್ಮೋಲಿಯನ್ ಮ್ಯೂಸಿಯಂ 2017ರಲ್ಲಿ ಇದನ್ನು 13.5 ಲಕ್ಷ ಪೌಂಡ್ ಕೊಟ್ಟು ಕೊಂಡಿತು.

ಹಣಕ್ಕಿಂತ ದೊಡ್ಡದು ನಾಣ್ಯಗಳು ಹೇಳಿದ ಮಾತು. ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 865ರಲ್ಲಿ ವೈಕಿಂಗರ ದೊಡ್ಡ ಸೈನ್ಯ ಇಂಗ್ಲೆಂಡಿಗೆ ಬಂದಿಳಿದು ಒಂದೊಂದಾಗಿ ರಾಜ್ಯಗಳನ್ನು ಮುರಿಯಿತು. ದಕ್ಷಿಣದ ವೆಸೆಕ್ಸ್‌ನಲ್ಲಿ 871ರಿಂದ ಆಲ್ಫ್ರೆಡ್ ರಾಜ. ಅದರ ಪಕ್ಕದ ಮರ್ಸಿಯಾದಲ್ಲಿ 874ರ ಸುಮಾರಿಗೆ ಎರಡನೇ ಚೆಯೋಲ್‌ವುಲ್ಫ್ ಎಂಬವನು ಪಟ್ಟಕ್ಕೆ ಬಂದ. ಮುಂದೆ ಆಲ್ಫ್ರೆಡನ ಆಸ್ಥಾನದ ವಲಯದಲ್ಲಿ ಬರೆದ ಇತಿವೃತ್ತ ಈ ಚೆಯೋಲ್‌ವುಲ್ಫನನ್ನು ಬುದ್ಧಿಯಿಲ್ಲದವನು, ವೈಕಿಂಗರ ಕೈಗೊಂಬೆ ಎಂಬ ಧಾಟಿಯಲ್ಲಿ ತಳ್ಳಿಹಾಕಿಬಿಟ್ಟಿತು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಶಾಲೆಯ ಪಾಠದಲ್ಲಿ ಉಳಿದದ್ದು ಆಲ್ಫ್ರೆಡ್ ಮಹಾಶಯ ಒಬ್ಬನೇ.

ಈ ಗುಂಪಿನಲ್ಲಿ ಹದಿಮೂರು ನಾಣ್ಯಗಳ ಹಿಂಬದಿಯಲ್ಲಿ ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕ ಕುಳಿತಿದ್ದಾರೆ. ಹಳೆಯ ರೋಮನ್ ಚಿನ್ನದ ನಾಣ್ಯದಿಂದ ಎತ್ತಿಕೊಂಡ ಚಿತ್ರ ಅದು. ಕೆಲವು ಆಲ್ಫ್ರೆಡನ ಹೆಸರಲ್ಲಿ, ಕೆಲವು ಚೆಯೋಲ್‌ವುಲ್ಫನ ಹೆಸರಲ್ಲಿ ಇವೆ. ಅದುವರೆಗೆ ಈ ಬಗೆಯವು ಬೆರಳೆಣಿಕೆಯಷ್ಟೇ ಗೊತ್ತಿದ್ದುದರಿಂದ, ಯಾರೋ ಒಮ್ಮೆ ಅಚ್ಚು ಹಾಕಿದ ಅಪರೂಪವೆಂದು ಪಕ್ಕಕ್ಕಿಡಬಹುದಿತ್ತು. ಈಗ ಹಾಗೆನ್ನುವಂತಿಲ್ಲ. ಇನ್ನುಳಿದ ನಾಣ್ಯಗಳಲ್ಲೂ ಹೆಚ್ಚಿನವು ಇಬ್ಬರೂ ರಾಜರು ಒಂದೇ ವಿನ್ಯಾಸದಲ್ಲಿ, ಒಂದೇ ಮಟ್ಟದ ಉತ್ತಮ ಬೆಳ್ಳಿಯಲ್ಲಿ ಹೊರಡಿಸಿದವು. ಅದಕ್ಕೆ ಕೆಲವೇ ವರ್ಷ ಹಿಂದೆ ಆ ನಾಡಿನ ನಾಣ್ಯದಲ್ಲಿ ಬೆಳ್ಳಿಗಿಂತ ಕಲಬೆರಕೆಯೇ ಹೆಚ್ಚಾಗಿತ್ತು! ಎಂದರೆ ಇಬ್ಬರು ಕೂಡಿ ಹಣವನ್ನು ಸರಿಪಡಿಸಿದ್ದರು, ಹಲವು ವರ್ಷ ಜೊತೆಯಾಗಿ ನಡೆದಿದ್ದರು. ಕೈಗೊಂಬೆ ಎಂದು ಕರೆಸಿಕೊಂಡವನು ಸಮಾನ ಪಾಲುದಾರನಾಗಿದ್ದ. 879ರ ಸುಮಾರಿಗೆ ಅವನು ಚರಿತ್ರೆಯಿಂದ ಮಾಯವಾಗುತ್ತಾನೆ, ಮರ್ಸಿಯಾ ಆಲ್ಫ್ರೆಡನ ಹಿಡಿತಕ್ಕೆ ಸರಿಯುತ್ತದೆ. (ಮುಂದೆ ಅದೇ ಮರ್ಸಿಯಾವನ್ನು 911ರಿಂದ 918ರವರೆಗೆ ಆಳಿ, ವೈಕಿಂಗರಿಂದ ಊರುಗಳನ್ನು ಮರಳಿ ಗೆದ್ದವಳು ಆಲ್ಫ್ರೆಡನ ಮಗಳು ಎಥಲ್‌ಫ್ಲೆಡ್. ಅವಳ ಬಗ್ಗೆ ಇನ್ನೊಂದು ಸಂಚಿಕೆಯಲ್ಲಿ ಯಾರಾದರೂ ಬರೆಯಲೇಬೇಕು.)

ಅದೇ 2015ರ ಜೂನ್‌ನಲ್ಲಿ, ಹೆರಿಫರ್ಡ್‌ಶೈರಿನ ಲೆಮ್‌ಸ್ಟರ್ ಪಟ್ಟಣದ ಹತ್ತಿರ ಇನ್ನೊಂದು ಹೊಲ. ಬರೆಯುವುದು ಲಿಯೊಮಿನ್‌ಸ್ಟರ್, ಕರೆಯುವುದು ಲೆಮ್‌ಸ್ಟರ್. ಇಂಗ್ಲಿಷರ ಇಂಥ ಚೇಷ್ಟೆಗಳು ನಮಗೆ ಹೊಸದಲ್ಲ. ಸೌತ್ ವೇಲ್ಸ್‌ನಿಂದ ಬಂದ ಇಬ್ಬರಿಗೆ ಅಲ್ಲಿ ಚಿನ್ನದ ಉಂಗುರ, ಮೃಗದ ತಲೆಯಿರುವ ಕಡಗ, ಸ್ಫಟಿಕದ ಪದಕ, ಬೆಳ್ಳಿ ಗಟ್ಟಿ, ಜೊತೆಗೆ ಸುಮಾರು ಮುನ್ನೂರು ಎಂದು ಅಂದಾಜಿಸಲಾದ ನಾಣ್ಯಗಳು ಸಿಕ್ಕವು. ಕಾಲವೂ ಅದೇ, ಅದೇ ಇಬ್ಬರು ರಾಜರ ನಾಣ್ಯಗಳೂ ಇದ್ದವು. ಆದರೆ ಇವರು ಗುಂಡಿ ಮುಚ್ಚಿ ಫೋನ್ ಮಾಡಲಿಲ್ಲ. ನಾಣ್ಯಗಳನ್ನು ಕದ್ದುಮುಚ್ಚಿ ವ್ಯಾಪಾರಿಗಳಿಗೆ ಮಾರಿದರು.

ಸಿಕ್ಕಿಬಿದ್ದ ಬಗೆ ನನ್ನಂಥ ಐಟಿಯವರಿಗೆ ಇಷ್ಟವಾಗುವಂಥದ್ದು. ನಿಧಿ ತೆಗೆದ ದಿನ ಮೊಬೈಲಿನಲ್ಲಿ ಫೋಟೊ ಹೊಡೆದಿದ್ದರು, ಆಮೇಲೆ ಅಳಿಸಿದ್ದರು. ಫೋಟೊ ಅಳಿಸಿದರೆ ಸಾಮಾನ್ಯವಾಗಿ ಹೋಗುವುದು ಅದರ ವಿಳಾಸವಷ್ಟೇ. ಆ ಜಾಗಕ್ಕೆ ಬೇರೇನಾದರೂ ಬರೆಯುವತನಕ ಒಳಗಿನ ದತ್ತಾಂಶ ಉಳಿದಿರಬಹುದು. ಪೊಲೀಸರು ಅದನ್ನು ಮರಳಿ ಪಡೆದರು. 2019ರ ನವೆಂಬರಿನಲ್ಲಿ ವುಸ್ಟರ್ ನ್ಯಾಯಾಲಯ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಮುನ್ನೂರರಲ್ಲಿ ಆಗ ಕೈಗೆ ಬಂದಿದ್ದ ನಾಣ್ಯಗಳು ಮೂವತ್ತರ ಆಸುಪಾಸು ಮಾತ್ರ. ಕಾನೂನಿನಂತೆ ತಿಳಿಸಿದ್ದರೆ ಲಕ್ಷಾಂತರ ಪೌಂಡ್ ಬಹುಮಾನ ಕೈ ಸೇರುವ ಸಾಧ್ಯತೆಯಿತ್ತು ಎಂಬುದನ್ನು ನೆನೆದರೆ ದುರಾಸೆಗಿಂತ ದಡ್ಡತನವೇ ದೊಡ್ಡದಾಗಿ ಕಾಣುತ್ತದೆ.

ಮಾರಿಹೋದ ನಾಣ್ಯ ಕರಗಿಲ್ಲದಿದ್ದರೂ ಅರ್ಧ ಸತ್ತಂತೆಯೇ. ಒಬ್ಬ ಸಂಗ್ರಾಹಕನ ಕಪಾಟಿನಲ್ಲಿ ಅದು ಹಳೆಯ ಬೆಳ್ಳಿ ತುಣುಕು. ಯಾವ ಹೊಲದಲ್ಲಿ, ಯಾವುದರ ಜೊತೆ ಇತ್ತು ಎಂಬುದು ಜೊತೆಗಿದ್ದಾಗಲೇ ಅದು ಸಾಕ್ಷಿ.

ಇದನ್ನು ಓದುವಾಗ ನಮ್ಮ ಮನೆಯ ಒಂದು ಸಂಗತಿ ನೆನಪಾಗದೆ ಇರಲಿಲ್ಲ. ನಾನು ಹುಟ್ಟುವ ಮೊದಲು ಹಿತ್ತಲಲ್ಲಿ ಅಡಿಪಾಯ ತೋಡುವಾಗ ಒಂದು ಸಣ್ಣ ಕುಡಿಕೆ ಸಿಕ್ಕಿತ್ತಂತೆ. ರಾಣಿ ಛಾಪಿನ ಕೆಲವು ರೂಪಾಯಿ, ಅದರ ಜೊತೆ ಇನ್ನೂ ಹಳೆಯ, ದಪ್ಪನೆಯ ಹತ್ತಿಪ್ಪತ್ತು ನಾಣ್ಯ. ರಾಣಿ ಛಾಪಿನ ರೂಪಾಯಿ ಒಂದು ತೊಲ ತೂಕ, ನೂರಕ್ಕೆ ಸುಮಾರು ತೊಂಬತ್ತೆರಡು ಭಾಗ ಬೆಳ್ಳಿ. ಬೆಲೆ ಎಲ್ಲರಿಗೂ ಗೊತ್ತಿತ್ತು. ಎಲ್ಲವನ್ನೂ ಪತ್ತಾರನ ಹತ್ತಿರ ಕೊಟ್ಟು ಸಮೆ ಮಾಡಿಸಿದರು. ಆ ಸಮೆ ಈಗಲೂ ದೇವರ ಮುಂದಿದೆ, ಚಂದವಾಗಿದೆ. ದಪ್ಪ ನಾಣ್ಯಗಳ ಮೇಲೆ ಏನು ಬರೆದಿತ್ತು ಎಂದು ಅಜ್ಜಿಯನ್ನು ಕೇಳಿದೆ. “ಉರ್ದು ಇತ್ತೋ ಏನೋ, ಯಾರು ನೋಡ್ಯಾರ” ಎಂದರು. ಆದಿಲಶಾಹಿಯವೇ, ಮೊಘಲರವೇ? ಯಾವ ಹೆದರಿಕೆಗೆ ಯಾರು ಹೂತಿಟ್ಟರು? ಅಜ್ಜಿಯ ತಪ್ಪೆಂದು ನಾನು ಹೇಳಲಾರೆ. ಮಕ್ಕಳ ಮದುವೆ ತಲೆಯ ಮೇಲಿದ್ದ ಮನೆಯಲ್ಲಿ ಬೆಳ್ಳಿ ಎಂದರೆ ಬೆಳ್ಳಿ. ಸಿಕ್ಕಿದ್ದು ಗೊತ್ತಾದರೆ ಸರ್ಕಾರ ಎಲ್ಲವನ್ನೂ ಕಸಿಯುತ್ತದೆ ಎಂಬ ಭಯವೂ ಇತ್ತು.

ಆ ಭಯ ಪೂರ್ತಿ ನಿಜವಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು? 1878ರ ಭಾರತೀಯ ನಿಧಿ ಕಾಯ್ದೆ ಹೇಳುವುದಿಷ್ಟು: ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಮಣ್ಣಲ್ಲಿ ಸಿಕ್ಕರೆ ಏನು, ಎಲ್ಲಿ, ಯಾವಾಗ ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕು. ಹೂತಿಟ್ಟವರ ವಾರಸುದಾರರು ಯಾರೂ ಇಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಮುಕ್ಕಾಲು ಪಾಲು ಹುಡುಕಿದವರಿಗೆ, ಕಾಲು ಪಾಲು ಜಮೀನಿನವರಿಗೆ. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. ನನಗನ್ನಿಸುವ ಕೊರತೆ ಒಂದೇ. ಲೋಹದ ಬೆಲೆಗೆ ಐದನೇ ಒಂದು ಭಾಗ ಸೇರಿಸುವುದು ಹತ್ತೊಂಬತ್ತನೇ ಶತಮಾನದ ಲೆಕ್ಕ. ಇಂಗ್ಲೆಂಡಿನಂತೆ ಮಾರುಕಟ್ಟೆ ಬೆಲೆ ಸಿಗುವಂತಿದ್ದರೆ ಕುಡಿಕೆಗಳು ಪತ್ತಾರನ ಮೂಸೆಗೆ ಹೋಗುವುದು ಕಡಿಮೆಯಾಗುತ್ತಿತ್ತು. ನಂದಿಯ ಕೆಳಗೆ, ಗರ್ಭಗುಡಿಯೊಳಗೆ ಗುಂಡಿ ತೋಡುವ ನಿಧಿಗಳ್ಳರ ಮಾತು ಬೇರೆ, ಅವರಿಗೆ ಯಾವ ಕಾಯ್ದೆಯೂ ಸಾಲದು.

ನಮ್ಮಲ್ಲೂ ಒಪ್ಪಿಸಿದವರಿದ್ದಾರೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲ್ವೆ ಕೆಲಸಕ್ಕೆ ಮಣ್ಣು ತೆಗೆಯುವಾಗ ರೋಮ್ ಸಾಮ್ರಾಜ್ಯದ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256. ಮೊದಲ ಶತಮಾನದ ಅಗಸ್ಟಸ್, ಟೈಬೀರಿಯಸ್‌ರ ಹೆಸರು ಹೊತ್ತ ಬೆಳ್ಳಿ ಸಮುದ್ರ ದಾಟಿ, ಘಟ್ಟ ಹತ್ತಿ ಬೆಂಗಳೂರಿನ ಬಯಲಿಗೆ ಬಂದಿತ್ತು ಎಂದು ನಾವು ಇಂದು ಹೇಳಬಲ್ಲೆವಾದರೆ, ಗುದ್ದಲಿ ಹಿಡಿದ ಯಾರೋ ಹೆಸರಿಲ್ಲದ ಕೂಲಿಗಳು ಕಂಡದ್ದು ಪತ್ತಾರನ ಬದಲು ಪುಸ್ತಕದ ಲೆಕ್ಕಕ್ಕೆ ಸೇರಿದ್ದರಿಂದ.