ಉಚಿತ ಬೇರೆ, ಸ್ವತಂತ್ರ ಬೇರೆ

ನಮ್ಮ ರಾಂಪುರವಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳುಂಟು. ಚಪಡನೆಂಬ ಲಿಪಿಕಾರನು ಈ ಮೂರು ಕಡೆಯೂ ಬಂಡೆಗಳ ಮೇಲೆ ಅಶೋಕನ ಶಾಸನವನ್ನು ಬಹುಮಟ್ಟಿಗೆ ಒಂದೇ ಪಾಠದಲ್ಲಿ ಬರೆದಿದ್ದಾನೆ. 1892ರಲ್ಲಿ ಬಿ. ಎಲ್. ರೈಸರು ಇವನ್ನು ಬೆಳಕಿಗೆ ತಂದಾಗ ಓದಲು ಸಾಧ್ಯವಾಯಿತು. ಏಕೆಂದರೆ ಬ್ರಾಹ್ಮೀ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿಯೇ ಬಿಡಿಸಿ ವಿದ್ವಾಂಸರೆಲ್ಲರ ಮುಂದಿರಿಸಿದ್ದನು.

ನನ್ನ ಬರಹಕ್ಕೆ ಆ ಭಾಗ್ಯವಿರಲಿಲ್ಲ. ಅಧ್ಯಾಪಕನಾಗಿದ್ದಾಗ ನಮ್ಮ ಸೀಮೆಯ ನೇಕಾರರ, ಕುರಿಗಾಹಿಗಳ ಮಾತುಗಳನ್ನು ಕಲೆಹಾಕಿ ಒಂದು ಪದಕೋಶವನ್ನು ಗಣಕದಲ್ಲಿ ಸಿದ್ಧಪಡಿಸಿದ್ದೆ. ತಂತ್ರಾಂಶವು ಪುಕ್ಕಟೆಯಾಗಿಯೇ ದೊರೆತಿತ್ತು. ಹನ್ನೆರಡು ವರ್ಷಗಳ ಮೇಲೆ ಹೊಸ ಗಣಕದಲ್ಲಿ ತೆರೆದರೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸಂಕೇತದ ಗುಟ್ಟು ತಯಾರಿಸಿದವರಲ್ಲಿಯೇ ಉಳಿದಿತ್ತು. ಅವರು ಅಂಗಡಿ ಮುಚ್ಚಿ ಹೋಗಿದ್ದರು.

ಈ ನಷ್ಟವೇ ನನ್ನನ್ನು ಸ್ವತಂತ್ರ ತಂತ್ರಾಂಶದ ಚರಿತ್ರೆಯತ್ತ ತಿರುಗಿಸಿತು. ತಂತ್ರಾಂಶವನ್ನು ಬಳಸುವ, ಅಭ್ಯಸಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರತಕ್ಕದ್ದೆಂಬ ಸಂಕಲ್ಪದಿಂದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ನೀಡಿದರು. ಆ ದಶಕದ ಕೊನೆಯ ವೇಳೆಗೆ ಬೆಂಗಳೂರಿನಲ್ಲಿಯೂ ಲಿನಕ್ಸ್ ಬಳಕೆದಾರರ ಬಳಗವೊಂದು ಏರ್ಪಟ್ಟಿತ್ತು.

ಭೇದವು ಮೊಳೆತದ್ದು ಹೆಸರಿನಲ್ಲಿ. ಇಂಗ್ಲಿಷಿನ 'ಫ್ರೀ' ಎಂಬ ಶಬ್ದಕ್ಕೆ ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡೂ ಅರ್ಥಗಳುಂಟು. ವ್ಯಾಪಾರಿಗಳು ಬೆದರಬಾರದೆಂದು 1998ರಲ್ಲಿ ಕೆಲವರು 'ಓಪನ್ ಸೋರ್ಸ್' ಎಂಬ ಹೊಸ ಹೆಸರನ್ನು ತಂದರು. ಸ್ವಾತಂತ್ರ್ಯದ ಮಾತನ್ನೇ ಮರೆಸುವ ಹೆಸರಿದು ಎಂದು ಸ್ಟಾಲ್ಮನ್ ಒಪ್ಪಲಿಲ್ಲ.

ನಮ್ಮಲ್ಲಿಯೂ ಎರಡು ಧಾರೆಗಳು ಹರಿದವು. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮಾವೇಶವು 2005ರಲ್ಲಿ 'ಫಾಸ್ ಡಾಟ್ ಇನ್' ಎಂಬ ಹೆಸರು ತಳೆದು 2012ರವರೆಗೆ ನಡೆಯಿತು. ಅತುಲ್ ಚಿಟ್ನಿಸ್ ಅದರ ಮುಂದಾಳು. ಬರಿಯ ಮಾತಿಗಿಂತ ಬರೆದ ತಂತ್ರಾಂಶಕ್ಕೆ ಅಲ್ಲಿ ಮನ್ನಣೆ. 2009ರಲ್ಲಿ ಹುಟ್ಟಿದ 'ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ'ವಾದರೋ ವಿದ್ಯಾರ್ಥಿಗಳಲ್ಲಿಗೆ, ಕೊಳಗೇರಿಯ ಮಕ್ಕಳಲ್ಲಿಗೆ ನಡೆಯಿತು. ಸ್ವಾತಂತ್ರ್ಯವು ಅದಕ್ಕೆ ಸಾಮಾಜಿಕ ನ್ಯಾಯದ ಪ್ರಶ್ನೆ. ಸಾಹಿತ್ಯದ ಓದುಗರಿಗೆ ಈ ವಾದ ಹೊಸದಲ್ಲ. ಕೃತಿಯ ಗುಣ ಮುಖ್ಯವೋ, ಅದರ ಸಾಮಾಜಿಕ ಹೊಣೆ ಮುಖ್ಯವೋ ಎಂಬ ಜಗಳವನ್ನು 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಕಾಲದಲ್ಲಿ ನಾವು ಕಂಡವರೇ.

ಆದರೆ ಒಂದು ವ್ಯತ್ಯಾಸವುಂಟು. ಮನೆ ಪಾಲಾದರೂ ಸೇದುವ ಬಾವಿಯನ್ನು ಪಾಲು ಮಾಡಲಾಗದಂತೆ, ಇಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಬಳಸದಂತೆ ತಡೆಯುವುದು ಆಗದ ಮಾತು. ಪರವಾನಗಿಯೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಆದುದರಿಂದ ಬಳಗಗಳು ಒಡೆದರೂ ದುಡಿಮೆ ಒಡೆಯಲಿಲ್ಲ. ಹೆಸರಿನ ಜಗಳವೂ ವ್ಯರ್ಥವೆಂದು ನಾನು ಹೇಳಲಾರೆ. ಉಚಿತ, ಮುಕ್ತ, ಸ್ವತಂತ್ರ ಎಂದು ಮೂರು ಬೇರೆ ಶಬ್ದಗಳು ಕನ್ನಡದಲ್ಲಿವೆ. ಪುಕ್ಕಟೆ ಬಂದುದನ್ನು ನನ್ನದೆಂದು ಭ್ರಮಿಸಿದ ನಾನು, ಈ ಭೇದವನ್ನು ಕನ್ನಡದ ಮೇಷ್ಟರಾಗಿಯೂ ತಿಳಿಯದೆ ಹೋದೆನಲ್ಲ!

ಪದಕೋಶದ ಕೈಬರಹದ ಚೀಟಿಗಳು ಪುಣ್ಯಕ್ಕೆ ಉಳಿದಿವೆ. ಈಗ ಅವನ್ನು ಯೂನಿಕೋಡ್ ಎಂಬ ಬಹಿರಂಗ ಸಂಕೇತದಲ್ಲಿ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ 'ಗುಬ್ಬಿ' ಎಂಬ ಕನ್ನಡ ಅಕ್ಷರಗಳಲ್ಲಿ ಮತ್ತೆ ಬರೆಯುತ್ತಿದ್ದೇನೆ. 'ಕ' ಅಕ್ಷರ ಮುಗಿದಿದೆ.